ನಾನಾಳ ಹರವಿ, ನಮ್ಮವರ ಮೂಗು

ಬೈಲಹೊಂಗಲ

ಜಾರ್ಜಿಯಾಕ್ಕೆ ಹೊರಟಿದ್ದೇವೆ ಎಂದಾಗ ನಮ್ಮ ಓಣಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಅಲ್ಲಿ ನಿಮ್ಮವರು ಯಾರದಾರ್ರಿ?" ಸಂಬಂಧಿಕರಿಲ್ಲದ ಊರಿಗೆ ಸುಮ್ಮನೆ ಹೋಗುವ ರೂಢಿ ನಮ್ಮ ಕಡೆ ಇಲ್ಲ. ಒಬ್ಬ ಗೆಳತಿ ಇದ್ದಾಳೆ ಎಂದೆ. ಎಲ್ಲಿಯ ಪರಿಚಯ ಎಂದರು. ಫೋನಿನಲ್ಲಿ ಎಂದೆ. ಎದುರು ಮನೆಯ ನೀಲಮ್ಮ ನನ್ನನ್ನು ನೋಡಿದ ನೋಟದಲ್ಲಿ ಕನಿಕರವೇ ಹೆಚ್ಚಿತ್ತು.

ಸಂಗತಿ ಹೀಗೆ. ಊರೆಲ್ಲ ಬಾಗಿಲು ಹಾಕಿಕೊಂಡು ಕುಳಿತಿದ್ದ ಆ ಕಾಲದ ಜ್ವರ ನನಗೂ ಬಂದಿತ್ತು. ಜ್ವರ ಬಿಟ್ಟಿತು, ಆದರೆ ವಾಸನೆ ಹೋದದ್ದು ಹೋಗಿಯೇ ಬಿಟ್ಟಿತು. ಮಲ್ಲಿಗೆ ಇಲ್ಲ, ಸೀಮೆಎಣ್ಣೆ ಇಲ್ಲ, ಮೊದಲ ಮಳೆಗೆ ನೆನೆದ ಎರೆ ಹೊಲ ಇಲ್ಲ. ಡಾಕ್ಟರು ತಿಂಗಳೊಪ್ಪತ್ತಿನಲ್ಲಿ ಬರುತ್ತದೆ ಎಂದರು. ಬರಲಿಲ್ಲ. ಸವದತ್ತಿಯಲ್ಲಿರುವ ಮಗಳು ಗಂಗಾ ನನ್ನ ಸಂಕಟ ನೋಡಲಾರದೆ, ನನ್ನಂತೆಯೇ ವಾಸನೆ ಕಳೆದುಕೊಂಡವರ ಆನ್‌ಲೈನ್ ಗುಂಪೊಂದಕ್ಕೆ ಸೇರಿಸಿದಳು. ಬೇರೆ ಬೇರೆ ದೇಶದವರು. ನಮ್ಮವರು, ಎಂದರೆ ನನ್ನ ಗಂಡ, ಅದಕ್ಕೆ ಇಟ್ಟ ಹೆಸರು "ಮೂಗಿಲ್ಲದವರ ಬಳಗ."

ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಗುಂಪಿನಲ್ಲಿ ಆಗಾಗ ನನ್ನ ಅಡುಗೆಮನೆಯ ಸುದ್ದಿ ಬರೆಯುತ್ತಿದ್ದೆ. ಸಾಸಿವೆ ಸಿಡಿಯುವ ಸದ್ದು ನಿಂತಾಗ ಕರಿಬೇವು ಹಾಕಬೇಕು, ಬೆಳ್ಳುಳ್ಳಿ ಕೆಂಪಾಗುವುದನ್ನು ಕಣ್ಣಲ್ಲೇ ಕಾಯಬೇಕು, ಹಾಲು ಉಕ್ಕುವ ಮೊದಲು ಪಾತ್ರೆಯ ಅಂಚು ಸಣ್ಣಗೆ ನಡುಗುತ್ತದೆ. ಮೂಗನ್ನು ಬಿಟ್ಟು ಅಡುಗೆ ಮಾಡುವ ಇಂಥ ಮಾತುಗಳನ್ನು ಬಳಗದವರು ಕೂಡಿಸಿ ಒಂದು ಪುಟ್ಟ ಪುಸ್ತಕ ಮಾಡಿದರು. ಬಳಗದ ಮಂದಿ ಮೊದಲ ಬಾರಿಗೆ ಮುಖಾಮುಖಿ ಸೇರುವ ದಿನ ಅದಕ್ಕೆ ನಾನು ಸಹಿ ಹಾಕಿ ಕೊಡಬೇಕೆಂದು ನಿಶ್ಚಯವಾಯಿತು. ಸೇರುವ ಜಾಗ ಜಾರ್ಜಿಯಾ ದೇಶದ ಕಖೇತಿ ಎಂಬ ಸೀಮೆಯಲ್ಲಿ, ದ್ರಾಕ್ಷಾರಸ ಮಾಡುವ ನಾನಾ ಎಂಬ ಗೆಳತಿಯ ಮನೆ. ಅವಳಿಗೂ ವಾಸನೆ ಇಲ್ಲ. ಆ ದಿನ ಬಂದವರಿಗೆಲ್ಲ ವೈನಿನ ರುಚಿ ತೋರಿಸುವ ಕಾರ್ಯಕ್ರಮವನ್ನೂ ನಾನೇ ನಡೆಸಿಕೊಡಬೇಕೆಂದು ನಾನಾ ಹಟ ಹಿಡಿದಳು.

"ನಾನಾ ಅಂದ್ರ ಗಂಡಸಲ್ಲೇನು?" ಎಂದರು ನಮ್ಮವರು. ಬೆಳಗಾವಿ ಸೀಮೆಯಲ್ಲಿ ನಾನಾ ಎಂದರೆ ಮೀಸೆ ಬಿಟ್ಟ ಹಿರಿಯರೇ ಕಣ್ಣ ಮುಂದೆ ಬರುವುದು. ಹೆಂಗಸು ಎಂದು ಫೋಟೋ ತೋರಿಸಿದ ಮೇಲೆ ಸಮಾಧಾನವಾಯಿತು. ಆದರೆ ವೈನಿನ ಮಾತಿಗೆ ಮುಖ ಗಂಟಿಕ್ಕಿದರು.

"ನೀ ಕುಡ್ಯಾಂಗಿಲ್ಲ, ನಾ ಕುಡ್ಯಾಂಗಿಲ್ಲ. ಕೊರಳಾಗ ಲಿಂಗ ಕಟ್ಟಿಕೊಂಡು ಮಂದಿಗೆ ಕುಡಸಾಕ ಹೋಗೂದೇನ?"

ನಮ್ಮವರು, ಶಿವಪುತ್ರಪ್ಪನವರು, ಇಲ್ಲಿಯ ಎಪಿಎಂಸಿಯಲ್ಲಿ ಅಡತಿ ವ್ಯಾಪಾರಿ. ರೈತರು ತಂದ ಜೋಳ, ಶೇಂಗಾ, ಕಡಲೆಯನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿಯೇ ಲಿಲಾವಿಗೆ ಇಡುವವರು. ಎರಡು ದಿನ ಮಾತಿಲ್ಲದೆ ಉಂಡರು. ಆಮೇಲೆ ಕೈ ತೊಳೆಯುತ್ತ, "ನಾನೂ ಬರ್ತೇನಿ. ನೀ ಒಬ್ಬಾಕಿ ಹ್ಯಾಂಗ ಹೋಗ್ತಿ?" ಎಂದರು.

ನಾನು ಹೊರಡುವ ಮುನ್ನ ವರ್ಷದ ಮಸಾಲೆ ಖಾರ ಮುಗಿಸಿದೆ. ಬೇಸಿಗೆಗೆ ಮೊದಲು ನಮ್ಮ ಮನೆಗೆ, ಕಿತ್ತೂರಿನ ನಾದಿನಿಯ ಮನೆಗೆ, ರಾಮದುರ್ಗದ ತವರಿಗೆ, ಸವದತ್ತಿಯ ಮಗಳಿಗೆ ಖಾರ ಹೋಗುವುದು ನನ್ನ ಕೈಯಿಂದಲೇ. ವಾಸನೆ ಹೋದ ಮೇಲೂ ಬಿಟ್ಟಿರಲಿಲ್ಲ. ಕೊತ್ತಂಬರಿ ಬೀಜ, ಒಣ ಕೊಬ್ಬರಿ, ಬೆಳ್ಳುಳ್ಳಿ ಹುರಿದು, ಒಣ ಮೆಣಸಿನಕಾಯಿಯ ಜೊತೆ ಕುಟ್ಟಿಸಿ, ನಮ್ಮವರ ಮೂಗಿನ ಹತ್ತಿರ ಹಿಡಿದು ಕೇಳುತ್ತಿದ್ದೆ. ಅವರು ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: "ಛಲೋ ಐತಿ."

ಟಿಬಿಲಿಸಿ

ಜಾರ್ಜಿಯಾದ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ನಮ್ಮನ್ನು ಬದಿಗೆ ಕರೆದರು. ಚೀಲದಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿಗೆ ಯಾರದೂ ತಕರಾರಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ವಿಭೂತಿ ಗಟ್ಟಿಗಳನ್ನು ಅಧಿಕಾರಿ ಮೇಜಿನ ಮೇಲೆ ಸಾಲಾಗಿ ಇಟ್ಟು, ಒಂದನ್ನು ಉಗುರಿನಿಂದ ಕೆರೆದು ನೋಡಿದ. ಬಿಳಿ ಪುಡಿ ಉದುರಿತು. ಅವನ ಹುಬ್ಬು ಮೇಲೇರಿತು. "ದೇವರ ಬೂದಿ" ಎಂದು ನಾನು ಇಂಗ್ಲಿಷಿನಲ್ಲಿ ವಿವರಿಸಿದಷ್ಟೂ ಅವನ ಸಂಶಯ ಹೆಚ್ಚಾಯಿತು.

ನಮ್ಮವರು ಕೈಯಲ್ಲಿದ್ದ ನೀರಿನ ಬಾಟಲಿಯಿಂದ ಎರಡು ಹನಿ ಅಂಗೈಗೆ ಹಾಕಿಕೊಂಡು, ಗಟ್ಟಿಯನ್ನು ತಿಕ್ಕಿ, ಮೂರು ಬೆರಳಿನಿಂದ ಹಣೆಗೆ ಎಳೆದುಕೊಂಡರು. ಮನೆಯ ದೇವರ ಜಗಲಿಯ ಮುಂದೆ ನಿಂತಷ್ಟೇ ಸಾವಕಾಶವಾಗಿ. ಅಧಿಕಾರಿ ನೋಡುತ್ತಲೇ ಇದ್ದ. ಆಮೇಲೆ ತನ್ನ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಗಟ್ಟಿಗಳನ್ನು ತಾನೇ ಬಟ್ಟೆಯಲ್ಲಿ ಸುತ್ತಿಕೊಟ್ಟ.

ಅಲ್ಲಿಯ ಮಂದಿಗೆ ದೇವರ ಗುರುತು ಸಿಕ್ಕರೆ ಸಾಕು, ಕೈ ತಾನಾಗಿ ಏಳುತ್ತದೆ ಎಂದು ಮರುದಿನವೇ ಗೊತ್ತಾಯಿತು. ನಮ್ಮನ್ನು ಕಖೇತಿಗೆ ಒಯ್ದ ಸಣ್ಣ ವ್ಯಾನಿನ ಚಾಲಕ ಪ್ರತಿ ಗುಡ್ಡದ ಮೇಲಿನ ಚರ್ಚಿಗೂ ಸ್ಟೇರಿಂಗ್ ಬಿಟ್ಟು ಮೂರು ಸಲ ಶಿಲುಬೆ ಹಾಕುತ್ತಿದ್ದ. ಅಲ್ಲಿ ಗುಡ್ಡಗಳಿಗೂ ಬರವಿಲ್ಲ, ಚರ್ಚುಗಳಿಗೂ ಬರವಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. "ಸವದತ್ತಿ ಗುಡ್ಡ ಕಂಡಕೂಡಲೆ ನಮ್ಮ ಡ್ರೈವರೂ ಕೈ ಮುಗ್ಯಾಂಗಿಲ್ಲೇನು? ಅವಂಗೂ ರೂಢಿ ಇರ್ತೈತಿ ತಗೋ" ಎಂದು ನಮ್ಮವರು ಧೈರ್ಯ ಹೇಳಿದರು. ಅವರ ಕೈ ಮಾತ್ರ ಮುಂದಿನ ಸೀಟಿನ ಕಂಬಿಯನ್ನು ಬಿಟ್ಟಿರಲಿಲ್ಲ.

ನಾನಾಳ ಊರು

ದೂರದಲ್ಲಿ ಹಿಮದ ಗೋಡೆಯಂಥ ಬೆಟ್ಟ, ಅದರ ಕೆಳಗೆ ಆಗಷ್ಟೇ ಚಿಗುರಿದ ದ್ರಾಕ್ಷಿ ತೋಟಗಳು. ನಾನಾ ಗೇಟಿನಲ್ಲೇ ನಿಂತಿದ್ದಳು. ನನ್ನ ವಯಸ್ಸಿನವಳೇ, ಅಗಲ ಭುಜ, ಕಪ್ಪು ಉಡುಪು. ನನ್ನನ್ನು ತಬ್ಬಿ ಕೆನ್ನೆಗೆ ಮುತ್ತಿಟ್ಟಳು. ಆಮೇಲೆ ನಮ್ಮವರ ಕಡೆ ತಿರುಗಿದಳು. ನಾನು ತಡೆಯುವುದರೊಳಗೆ ಅವರಿಗೂ ಒಂದು ಮುತ್ತು ಬಿದ್ದಿತ್ತು. ಬೈಲಹೊಂಗಲದ ಪೇಟೆಯಲ್ಲಿ ಯಾರ ಮುಂದೆಯೂ ತಲೆ ತಗ್ಗಿಸದ ಮನುಷ್ಯ ಕಿವಿಯವರೆಗೆ ಕೆಂಪಾದರು. "ಇದನ್ನ ಕಿತ್ತೂರಾಗ ಹೇಳಬ್ಯಾಡ" ಎಂದು ಮೆಲ್ಲಗೆ ಗೊಣಗಿದರು.

ಅವಳ ಇಂಗ್ಲಿಷು ತುಂಡು ತುಂಡಾಗಿತ್ತು, ಆದರೂ ಮಾತು ನಿಲ್ಲುತ್ತಿರಲಿಲ್ಲ. ಅಂಗಳದಲ್ಲಿ ಬಾವಿಯಂಥ ಮಣ್ಣಿನ ಒಲೆ. ಅದರೊಳಗೆ ಅರ್ಧ ಮೈ ಬಗ್ಗಿಸಿ ಗೋಡೆಗೆ ಉದ್ದುದ್ದ ರೊಟ್ಟಿ ಬಡಿಯುತ್ತಿದ್ದಳು. ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಮಣ್ಣಿನ ಗಡಿಗೆಯಲ್ಲಿ ಕೆಂಪು ಅವರೆಕಾಳಿನಂಥ ಕಾಳು ಬೇಯಿಸಿಟ್ಟಿದ್ದಳು. ನಮ್ಮವರು ಅದಕ್ಕೆ ಶೇಂಗಾ ಚಟ್ನಿ ಕಲಸಿಕೊಂಡು ಎರಡು ಸಲ ಹಾಕಿಸಿಕೊಂಡರು.

ಊಟದ ಮೇಲೆ ನೆಲಮನೆಗೆ ಕರೆದೊಯ್ದಳು. ತಂಪಾದ ಕಲ್ಲಿನ ಕೋಣೆ. ನೆಲದಲ್ಲಿ ಅಲ್ಲಲ್ಲಿ ದುಂಡನೆಯ ಮುಚ್ಚಳಗಳು, ಸುತ್ತ ಹಸಿ ಮಣ್ಣು ಮೆತ್ತಿದ್ದಾರೆ. ಪ್ರತಿ ಮುಚ್ಚಳದ ಕೆಳಗೆ ಆಳೆತ್ತರದ ಮಣ್ಣಿನ ಹರವಿ ಕತ್ತಿನವರೆಗೆ ನೆಲದಲ್ಲಿ ಹೂತಿದೆ. ಅದಕ್ಕೆ ಅವರು ಕ್ವೆವ್ರಿ ಎನ್ನುತ್ತಾರೆ. ಸುಗ್ಗಿಯಲ್ಲಿ ದ್ರಾಕ್ಷಿಯನ್ನು ಸಿಪ್ಪೆ ಬೀಜ ಸಮೇತ ತುಳಿದು ತುಂಬಿ ಮುಚ್ಚಿದರೆ, ಬಾಯಿ ತೆರೆಯುವುದು ವಸಂತಕ್ಕೇ.

"ಇದು ನಮ್ಮ ಹಗೇವಲ್ಲೇನ!" ಎಂದರು ನಮ್ಮವರು. ನೆಲದೊಳಗೆ ಜೋಳ ತುಂಬಿಡುವ ಹಗೇವು ಅವರ ಅಜ್ಜನ ಕಾಲದಲ್ಲಿ ನಮ್ಮ ಪಡಸಾಲೆಯ ಮುಂದೆಯೇ ಇತ್ತು. ಅದನ್ನು ತೆರೆದಾಗ ಬರುವ ಬಿಸಿ ಗಾಳಿ, ನೀರು ಜಿನುಗಿದರೆ ಕಾಳಿಗೆ ಹಿಡಿಯುವ ಮುಗ್ಗಲು, ಎಲ್ಲವನ್ನೂ ಅವರು ಹೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ನಾನಾ ಪ್ರತಿ ಮಾತಿಗೂ ತಲೆಯಾಡಿಸಿದಳು. ಆಮೇಲೆ ಬಾಗಿಲು ಮುಂದಕ್ಕೆ ಎಳೆದು, ದನಿ ತಗ್ಗಿಸಿ ಹೇಳಿದಳು:

"ನನ್ನ ಮೂಗು ಹೋದದ್ದು ಈ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನನ್ನ ವೈನನ್ನು ಯಾರು ನಂಬುತ್ತಾರೆ?"

ಹಾಗಾದರೆ ಹೇಗೆ ನಡೆಸುತ್ತೀ ಎಂದು ಕೇಳಿದೆ. ಹರವಿ ತೆರೆದಾಗ ನೆರೆಯವರಿಗೆ ಮೊದಲ ಬಟ್ಟಲು ಕೊಟ್ಟು, ಅವರ ಮುಖ ನೋಡುತ್ತೇನೆ ಎಂದಳು. ಮುಖ ಅರಳಿದರೆ ಸರಿ. ಈ ಸಲ ಬಳಗಕ್ಕಾಗಿ ಬಾಯಿ ಮುಚ್ಚಿದ ಒಂದು ಹರವಿಯನ್ನು ಮರುದಿನ ಬೆಳಿಗ್ಗೆಯೇ ತೆರೆಯುವವಳಿದ್ದಳು. ಅದನ್ನು ಇನ್ನೂ ಯಾರೂ ಕುಡಿದಿರಲಿಲ್ಲ.

ರುಚಿ ನೋಡಿದ ದಿನ

ಬಳಗದವರು ಬೆಳಗಿನಿಂದಲೇ ಬರತೊಡಗಿದರು. ಗುಂಪನ್ನು ನೋಡಿಕೊಳ್ಳುವ ಐರ್ಲೆಂಡಿನ ಕಾನರ್, ಕೊರಿಯಾದಿಂದ ಬಂದ ಶಿಕ್ಷಕಿ, ಇಬ್ಬರೂ ವಾಸನೆ ಕಳೆದುಕೊಂಡ ಜರ್ಮನಿಯ ಗಂಡ ಹೆಂಡತಿ, ಹೀಗೆ ಹತ್ತು ಹನ್ನೆರಡು ಮಂದಿ. ಫೋನಿನಲ್ಲಿ ಅಂಗೈಯಗಲ ಕಂಡ ಮುಖಗಳಿಗೆ ಈಗ ಎತ್ತರ, ನಡಿಗೆ, ನಗುವಿನ ಸದ್ದು ಸಿಕ್ಕಿತ್ತು. ದ್ರಾಕ್ಷಿ ಚಪ್ಪರದ ಕೆಳಗೆ ಉದ್ದ ಮೇಜು. ಒಂದು ತುದಿಗೆ ನನ್ನ ಪುಸ್ತಕಗಳು, ಇನ್ನೊಂದು ತುದಿಗೆ ನಮ್ಮವರು.

ನಾನು ಎದ್ದು ನಿಂತೆ. ನನ್ನ ಕೈಯಲ್ಲಿ ದಾಳಿಂಬೆ ರಸವಿತ್ತು. "ನಾನು ವೈನ್ ಕುಡಿದವಳಲ್ಲ, ನೀವು ಯಾರೂ ಅದನ್ನು ಮೂಸುವಂತಿಲ್ಲ. ಹಾಗಾಗಿ ಇವತ್ತು ಇಲ್ಲಿ ತಜ್ಞರು ಯಾರೂ ಇಲ್ಲ. ನಾಲಿಗೆ ಏನು ಹೇಳುತ್ತದೋ ಅಷ್ಟೇ ಹೇಳಿ" ಎಂದೆ. ಎಲ್ಲರೂ ನಕ್ಕರು, ಗಾಳಿ ಹಗುರಾಯಿತು.

ಮೊದಲು ಹೋದ ವರ್ಷದ ವೈನ್, ಚಹಾದ ಬಣ್ಣದ್ದು. ಕಾನರ್ ಹೇಳಿದ: "ಮೊದಲು ತಂಪು, ಆಮೇಲೆ ನಾಲಿಗೆಯ ಮೇಲೆ ಉಣ್ಣೆ ಬಟ್ಟೆ ಹಾಸಿದ ಹಾಗೆ." ಕೊರಿಯಾದ ಶಿಕ್ಷಕಿ ಕೆನ್ನೆ ಒಳಗೆ ಎಳೆದುಕೊಂಡು ತೋರಿಸಿದಳು. ಅದಕ್ಕೆ ನಮ್ಮಲ್ಲಿ ಒಗರು ಎನ್ನುತ್ತಾರೆ ಎಂದೆ. ಮೇಜಿನ ಸುತ್ತ "ಒಗರು, ಒಗರು" ಎಂದು ಎಲ್ಲರೂ ಹೇಳಿ ನೋಡಿದರು.

ಆಗ ಕಾನರ್‌ಗೆ ನಮ್ಮವರು ಕಂಡರು. "ಇಲ್ಲಿ ಮೂಗಿರುವವರು ನೀವೊಬ್ಬರೇ! ನಮಗಾಗಿ ಮೂಸಿ ಹೇಳಿ."

ನಾನು ಕನ್ನಡದಲ್ಲಿ ಹೇಳಿದೆ. ಅವರು ನನ್ನನ್ನೂ ಬಟ್ಟಲನ್ನೂ ನೋಡಿದರು. "ಮೂಸಿದ್ರ ಲಿಂಗಕ್ಕೇನೂ ಆಗಂಗಿಲ್ಲ ಬಿಡು" ಎಂದು ತಮಗೇ ಹೇಳಿಕೊಂಡು, ಬಟ್ಟಲನ್ನು ಜೋಳ ಹಿಡಿದ ಹಾಗೆ ಅಂಗೈಯಲ್ಲಿ ಹಿಡಿದು ಮೂಗಿಗೆ ತಂದರು. ಕಣ್ಣು ಮುಚ್ಚಿದರು.

"ಒಣ ಖರ್ಜೂರಿ. ಅದರ ಹಿಂದ... ಬೆಲ್ಲದ ಗಾಣದಾಗ ಕೊಪ್ಪರಿಗಿ ಇಳಸ್ತಾರಲ್ಲಾ, ಆವಾಗಿಂದು ವಾಸನಿ. ಕಡೀಕ ಒಂಚೂರು ಕಿತ್ತಳಿ ಸಿಪ್ಪಿ."

ನಾನು ಅನುವಾದಿಸುತ್ತ ತಲೆಯೆತ್ತಿದರೆ ಮೇಜಿನ ಸುತ್ತ ಎಲ್ಲರೂ ಕಣ್ಣು ಮುಚ್ಚಿಕೊಂಡಿದ್ದರು. ಜರ್ಮನಿಯ ಹೆಂಗಸು "ಇನ್ನೂ, ಇನ್ನೂ ಹೇಳಿ" ಎಂದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಬೆಲ್ಲ ಕುದಿಯುವ ವಾಸನೆ ನನಗೂ ನೆನಪಿಗೆ ಬಂತು. ಮೂಗಿಗೆ ಬರಲಿಲ್ಲ, ನೆನಪಿಗೆ ಬಂತು. ಅಷ್ಟಕ್ಕೇ ಬಾಯಲ್ಲಿ ನೀರೂರಿತು.

ಆಮೇಲೆ ನಾನಾ ಬೆಳಿಗ್ಗೆ ತೆರೆದ ಹರವಿಯಿಂದ ಹೂಜಿ ತುಂಬಿ ತಂದಳು. ಎಲ್ಲರಿಗೂ ಸುರಿದಳು. ಮಂದಿ ಗುಟುಕರಿಸಿ "ಒಗರು ಕಡಿಮೆ", "ಮೆತ್ತಗಿದೆ" ಎಂದರು. ನಮ್ಮವರು ಈಗ ಹುರುಪಿನಿಂದಲೇ ಬಟ್ಟಲು ಎತ್ತಿದರು. ಮೂಗಿಗೆ ತಂದರು. ಒಂದು ಕ್ಷಣ ಹಾಗೇ ಹಿಡಿದು, ಕೆಳಗಿಟ್ಟರು.

"ಛಲೋ ಐತಿ."

ಅದೇ ದನಿ. ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ನಾನು ಖಾರದ ಡಬ್ಬಿ ಮೂಗಿಗೆ ಹಿಡಿದಾಗ ಬರುವ ಅದೇ ಎರಡು ಶಬ್ದ, ಅಷ್ಟೇ ಬೇಗ, ಕಣ್ಣು ಬೇರೆ ಕಡೆ. ಆ ಮಾತನ್ನು ನಾನು ಅನುವಾದ ಮಾಡಲಿಲ್ಲ. ನಾನಾ ಹೂಜಿ ಹಿಡಿದುಕೊಂಡೇ ಅವರ ಮುಖ ನೋಡುತ್ತಿದ್ದಳು. ಮುಖ ನೋಡಿಯೇ ಬದುಕು ನಡೆಸಿದವಳಿಗೆ ಭಾಷೆ ಬೇಕಿರಲಿಲ್ಲ.

ನಾನು ಅವರ ಪಕ್ಕಕ್ಕೆ ಹೋಗಿ ಕುಳಿತೆ. "ಖರೇ ಹೇಳ್ರಿ."

"ಅಲ್ಲ ಸುಶೀಲಾ, ಪಾಪ, ಇಷ್ಟು ಮಂದಿ ಮುಂದ..."

"ಆಕೀಗಿ ಗೊತ್ತಾಗಂಗಿಲ್ಲ. ಇಲ್ಲಿ ಯಾರಿಗೂ ಗೊತ್ತಾಗಂಗಿಲ್ಲ. ನೀವು ಹೇಳದಿದ್ರ ನಾಳೆ ಊರ ಮಂದಿ ಹೇಳ್ತಾರ."

ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ಮುಗ್ಗಲ ಹಿಡದೈತಿ. ನೀರು ಹೊಕ್ಕ ಹಗೇವಿನ ವಾಸನಿ."

ನಾನು ನಡೆಸಿಕೊಡಲು ಬಂದವಳು. ಏನು ಹೇಳಲಿ, ಎಲ್ಲಿ ಹೇಳಲಿ ಎಂದು ಯೋಚಿಸುವುದರಲ್ಲಿ ನಾನಾ ತಾನೇ ಹತ್ತಿರ ಬಂದಳು. ಅವಳ ಕಿವಿಯಲ್ಲಿ ಹೇಳಿದೆ. ಹೂಜಿಯನ್ನು ಮೇಜಿನ ಮೇಲಿಟ್ಟು, ಏಪ್ರನ್ನಿಗೆ ಕೈ ಒರೆಸಿಕೊಂಡು, ನಮ್ಮವರ ರಟ್ಟೆ ಹಿಡಿದು ಎಬ್ಬಿಸಿದಳು. ಮೂವರೂ ನೆಲಮನೆಗೆ ಹೋದೆವು.

ಸನಿಕೆಯಿಂದ ಅವಳು ಒಂದೊಂದೇ ಮುಚ್ಚಳದ ಮಣ್ಣು ಬಿಡಿಸಿದಳು. ಜೀವಮಾನದಲ್ಲಿ ಒಂದು ಹನಿ ಹೆಂಡ ಮುಟ್ಟದ ಗಂಡ ನೆಲಕ್ಕೆ ಮಂಡಿಯೂರಿ, ಎರಡೂ ಅಂಗೈ ಊರಿ, ಹರವಿಯ ಬಾಯಿಗೆ ಮುಖ ಒಡ್ಡುವುದನ್ನು ನಾನು ಗೋಡೆಗೆ ಆತು ನೋಡಿದೆ.

"ಇದು ಛಲೋ ಐತಿ."

"ಖರೇನ?" ಎಂದೆ.

"ಖರೇ." ಆಮೇಲೆ ನನ್ನ ಮುಖ ನೋಡಿ, ಅಂಗಿಯ ಒಳಗೆ ಕೈ ಹಾಕಿದರು. "ಲಿಂಗ ಮುಟ್ಟಿ ಹೇಳ್ತೇನಿ."

ಉಳಿದ ಎಲ್ಲ ಹರವಿಗಳಿಗೂ ಹಾಗೆಯೇ ಲಿಂಗ ಮುಟ್ಟಿ ಹೇಳಿದರು. ಕೆಟ್ಟದ್ದು ಗೋಡೆಯ ಮೂಲೆಯ ಅದೊಂದೇ. ನಾನಾ ನೆಲದ ಮೇಲೆ ಕುಳಿತುಬಿಟ್ಟಳು. ಅತ್ತಳೋ ನಕ್ಕಳೋ ಹೇಳುವುದು ಕಷ್ಟ. "ಆ ಹರವಿಯನ್ನು ತೊಳೆದವಳು ನಾನೇ. ಒಳಗಿಳಿದು ತಿಕ್ಕಿ ತಿಕ್ಕಿ ತೊಳೆದಿದ್ದೆ. ಮೊದಲಾದರೆ ಸಾಕೋ ಬೇಕೋ ಎಂದು ಮೂಗು ಹೇಳುತ್ತಿತ್ತು" ಎಂದಳು.

ಹೊರಗೆ ಬಂದು ಎಲ್ಲರ ಮುಂದೆ ಹೂಜಿಯನ್ನು ಬಳ್ಳಿಯ ಬುಡಕ್ಕೆ ಸುರಿದಳು. ಏನಾಯಿತೆಂದು ತಾನೇ ಹೇಳಿದಳು. ಕಾನರ್ ತನ್ನ ಬಟ್ಟಲನ್ನೂ ಬಳ್ಳಿಯ ಬುಡಕ್ಕೆ ಬಗ್ಗಿಸಿದ. ಒಬ್ಬೊಬ್ಬರಾಗಿ ಎಲ್ಲರೂ ಬಗ್ಗಿಸಿದರು.

ಪುಸ್ತಕಕ್ಕೆ ಸಹಿ ಹಾಕುವ ಹೊತ್ತಿಗೆ ನನ್ನ ಹಸ್ತಾಕ್ಷರಕ್ಕಿಂತ ನಮ್ಮವರ ಹಸ್ತಾಕ್ಷರಕ್ಕೇ ಬೇಡಿಕೆ ಬಂತು. ಮೊದಲು ಕೊಸರಾಡಿದರು. ಆಮೇಲೆ ಎಪಿಎಂಸಿ ಪಟ್ಟಿಗಳ ಮೇಲೆ ಗೀಚುವ ತಮ್ಮ ಉದ್ದ ಬಾಲದ ಸಹಿಯನ್ನು ನನ್ನ ಹೆಸರಿನ ಕೆಳಗೆ ಎಳೆಯುತ್ತ ಹೋದರು.

ಆ ಸಂಜೆ

ಮಂದಿ ಊರು ನೋಡಲು ಹೋಗಿದ್ದರು. ನಾವಿಬ್ಬರೂ ಮರದ ಬಾಲ್ಕನಿಯಲ್ಲಿ ಕುಳಿತಿದ್ದೆವು. ಇನ್ನೂ ಬಿಸಿಲಿತ್ತು, ಹಿಮದ ಬೆಟ್ಟ ಕೇಸರಿಯಾಗಿತ್ತು. ಕೊನೆಗೆ ಕೇಳಿದೆ.

"ನನ್ನ ಖಾರ ಹ್ಯಾಂಗಾಗೇತ್ರಿ?"

ಅವರು ಬೆಟ್ಟ ನೋಡುತ್ತಲೇ ಇದ್ದರು. "ಛ..." ಎಂದವರು ನಿಂತರು. "ಸೀದಿರ್ತೈತಿ. ಎಲ್ಲಾ ವರ್ಷ ಅಲ್ಲ. ಹ್ವಾದ ವರ್ಷ, ಈ ವರ್ಷ. ಕೊಬ್ಬರಿ ಭಾಳ ಹೊತ್ತು ಬಿಡ್ತಿ. ಕರಕಲ ವಾಸನಿ ಹಿಡೀತೈತಿ."

"ಕಿತ್ತೂರಾಗ?"

"ಡಬ್ಬಿ ಹಂಗ ಇಟ್ಟಾರ. ಪೇಟಿಂದು ತಂದು ಹಾಕ್ತಾರ. ರಾಮದುರ್ಗದಾಗೂ ಹಂಗ. ನಾನ ಹೇಳೀನಿ, ಆಕೀಗಿ ತಿಳಿಸಬ್ಯಾಡ್ರಿ ಅಂತ."

"ಗಂಗಾನ ಮನ್ಯಾಗ?"

ಅವರು ಟೋಪಿ ತೆಗೆದು ಅದರ ಅಂಚು ಸವರತೊಡಗಿದರು.

ತವರಿಗೆ ಹೋದಾಗೆಲ್ಲ ಅಣ್ಣನ ಹೆಂಡತಿ "ನಿಮ್ಮ ಖಾರ ಇಲ್ಲದ ಸಾರಿಗೆ ರುಚಿನ ಇಲ್ರಿ" ಎನ್ನುತ್ತಿದ್ದಳು. ಒಂದು ಮನೆಯಲ್ಲ, ಮೂರು ಮನೆಯ ಮಂದಿ ಒಟ್ಟಾಗಿ ನನ್ನನ್ನು ಗಾಜಿನ ಬಳೆಯ ಹಾಗೆ ಎತ್ತಿಟ್ಟಿದ್ದರು. ನನ್ನ ಪುಸ್ತಕದಲ್ಲಿ ಕೊಬ್ಬರಿಯ ಬಗ್ಗೆ ಒಂದು ಇಡೀ ಪುಟವಿದೆ. ಬಣ್ಣ ನೋಡಿ ಇಳಿಸಿ ಎಂದು ಬರೆದಿದ್ದೇನೆ.

"ಯಾಕ ಹೇಳಲಿಲ್ಲ?"

"ನೀ ಅಳ್ತಿ ಅಂತ."

"ಈಗ ಅಳಾಕ ಹತ್ತೇನೇನು?"

ನನ್ನ ಕಡೆ ತಿರುಗಿ ನೋಡಿದರು. "ಹೂಂ" ಎಂದರು.

ಅದೂ ಖರೆಯೇ ಆಗಿತ್ತು. ಅಳುತ್ತಲೇ ನನಗೆ ನಗು ಬಂತು. ಸಿಟ್ಟೂ ಇತ್ತು. ಆ ರಾತ್ರಿ ನಾನು ಊಟ ಮಾಡಲಿಲ್ಲ, ಅವರು ಒತ್ತಾಯ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದೆ. ನಾನಾ ತಲೆಗೆ ವಸ್ತ್ರ ಕಟ್ಟಿಕೊಂಡು ನೆರೆಮನೆಯ ಗೇಟು ತೆರೆದು ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬರುವಾಗ ಆ ಮನೆಯ ಮುದುಕನೂ ಜೊತೆಗಿದ್ದ. ನಾನೂ ಕೆಳಗಿಳಿದು ಅವರ ಹಿಂದೆ ಹೋದೆ. ಅವನು ನೇರವಾಗಿ ನೆಲಮನೆಗೆ ನಡೆದು, ಮೂಲೆಯ ಹರವಿಯ ಮುಚ್ಚಳ ಎತ್ತಿಸಿ ಮೂಸಿದ, ದೊಡ್ಡ ದನಿಯಲ್ಲಿ ಬೈದ. ಯಾರನ್ನು ಬೈಯುತ್ತಿದ್ದಾನೆ ಎಂದು ಕೇಳಿದೆ.

"ನನ್ನನ್ನೇ" ಎಂದಳು ನಾನಾ. "ಇಷ್ಟು ದಿನ ಯಾಕೆ ಕರೆಯಲಿಲ್ಲ ಅಂತ."

ಅವಳ ಮುಖ ಅಷ್ಟು ಹಗುರವಾದದ್ದನ್ನು ನಾನು ಫೋನಿನಲ್ಲೂ ಕಂಡಿರಲಿಲ್ಲ.

ಮತ್ತೆ ಬೈಲಹೊಂಗಲ

ಬಂದ ಮೂರನೆಯ ದಿನ ಕಿತ್ತೂರಿಗೆ ಫೋನು ಮಾಡಿದೆ. "ಆ ಖಾರ ಚೆಲ್ಲಿಬಿಡವ್ವಾ" ಎಂದೆ. "ಯಾಕ ಅತ್ತಿಗೆವ್ವಾ, ಛಲೋ ಐತಲ್ಲಾ..." ಎಂದು ನಾದಿನಿ ಶುರು ಮಾಡಿದಳು. "ಛಲೋ ಇಲ್ಲ. ಎಲ್ಲಾ ಗೊತ್ತಾಗೇತಿ" ಎಂದೆ. ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದೆವು, ಖಾರವೊಂದನ್ನು ಬಿಟ್ಟು ಉಳಿದೆಲ್ಲದರ ಬಗ್ಗೆ. ರಾಮದುರ್ಗಕ್ಕೂ ಸವದತ್ತಿಗೂ ಅದೇ ಮಾತು ಹೇಳಿದೆ. ಗಂಗಾ ಅತ್ತಳು.

ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿ, ಹೊಸ ಕೊಬ್ಬರಿ ತರಿಸಿದೆ. ನಮ್ಮವರು ಪೇಟೆಗೆ ಹೊರಟು ನಿಂತಿದ್ದರು. "ಇವತ್ತ ಹೋಗಬ್ಯಾಡ್ರಿ, ಇಲ್ಲಿ ಕುಂತ್ರಿ" ಎಂದು ಒಲೆಯ ಪಕ್ಕ ಸ್ಟೂಲು ಹಾಕಿದೆ. ಮದುವೆಯಾದಂದಿನಿಂದ ಅಡುಗೆಮನೆಯ ಹೊಸ್ತಿಲಾಚೆಯೇ ನಿಂತು ನೀರು ಕೇಳಿದವರು ಅವರು. ಕೈ ಎಲ್ಲಿಡಬೇಕೆಂದು ತಿಳಿಯದೆ ಟೋಪಿ ತೆಗೆದು ಕುಳಿತರು.

ಮೊದಲ ಸಲ ಹುರಿದ ಕೊಬ್ಬರಿಯನ್ನು ಮೂಸಿ, ನನ್ನ ಮುಖ ನೋಡಿಯೇ ಹೇಳಿದರು: "ಸೀದೈತಿ."

ಬಾಣಲೆಯನ್ನು ತೆಗೆದುಕೊಂಡು ಹೋಗಿ ಹಿತ್ತಲಿನ ಗಿಡದ ಬುಡಕ್ಕೆ ಸುರಿದು ಬಂದೆ. ಮತ್ತೆ ಒಲೆ ಹಚ್ಚಿದೆ, ಮತ್ತೆ ಕೊಬ್ಬರಿ ಹಾಕಿದೆ. ಸೌಟು ಬಾಣಲೆಗೆ ತಾಗುವ ಸದ್ದು ಮಾತ್ರ ಇತ್ತು. ಬಣ್ಣ ಇನ್ನೂ ಬಿಳಿಯಂಚಿನದು, ನನ್ನ ಲೆಕ್ಕಕ್ಕೆ ಇನ್ನೂ ಹೊತ್ತಿತ್ತು. ಅವರು ಸ್ಟೂಲಿನಿಂದ ಎದ್ದು, ಬಾಣಲೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿದರು.

"ಈಗ" ಎಂದರು.

ನಾನು ಒಲೆ ಆರಿಸಿದೆ.